ಇನ್ನೊಂದು ತೊಟ್ಟು ನೀರು

ರಕ್ತ ತೋರಿಸಲು ಹೋದವರ ಹೆಸರನ್ನು ಲ್ಯಾಬಕ್ಕ ಮೊದಲು ಕೇಳುತ್ತಿರಲಿಲ್ಲ. ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದರು. ಆಮೇಲೆ ನಾಲಗೆ, ಆಮೇಲೆ ಉಗುರು. ಇಷ್ಟಾದ ಮೇಲೆ "ಯಾರ ಮನೆಯವ್ರು?" ಅನ್ನುತ್ತಿದ್ದರು. ರೆಪ್ಪೆಯ ಒಳಗೆ ಬೆಳ್ಳಗಿದ್ದರೆ ಅವರ ತುಟಿ ಒಂದು ಕಡೆಗೆ ಸೊಟ್ಟಗಾಗುತ್ತಿತ್ತು. ಆ ಸೊಟ್ಟ ತುಟಿ ನೋಡಿಯೇ ಹೆಂಗಸರಿಗೆ ಅರ್ಧ ಜೀವ ಹೋಗುತ್ತಿತ್ತು. ನನಗೂ ಹೋಗಿತ್ತು.

ಬಾಳ್ಳುಪೇಟೆಯಲ್ಲಿ ಹೆದ್ದಾರಿಯ ಪಕ್ಕದ ಔಷಧಿ ಅಂಗಡಿಯ ಹಿಂದೆ ಒಂದೇ ಒಂದು ಕೋಣೆ, ಅದೇ ಅವರ ಲ್ಯಾಬು. ಕಾಫಿ ವ್ಯಾಪಾರದ ಮುಸ್ಲಿಂ ಮನೆತನದವರು. ಹಾಸನದಲ್ಲಿ ಕಲಿತು ಬಂದು, ಮದುವೆ ಬೇಡವೆಂದು, ಆ ಕೋಣೆಯಲ್ಲೇ ಸುಮಾರು ಇಪ್ಪತ್ತು ವರ್ಷ ಸುತ್ತಲ ಹಳ್ಳಿಗಳ ರಕ್ತ ನೋಡಿದರು. ಎಲ್ಲರ ಬಾಯಲ್ಲೂ ಅವರು ಲ್ಯಾಬಕ್ಕ. ಈಚೆಗೆ ಅವರು ತೀರಿಕೊಂಡರಂತೆ. ನನಗೆ ತಿಳಿದದ್ದು ಹದಿನೈದು ದಿನ ತಡವಾಗಿ, ಔಷಧಿ ಅಂಗಡಿಯವರು ಹೇಳಿದ ಮೇಲೆ. ಮನೆಗೆ ಬಂದು ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ. ಅವರಿಗೆ ನಮ್ಮ ದೀಪ ಸಲ್ಲುತ್ತದೋ ಇಲ್ಲವೋ ತಿಳಿಯದು. ಹಚ್ಚಿದ್ದಕ್ಕೆ ದೇವರು ಬೇಸರ ಮಾಡಿಕೊಳ್ಳಲಾರ ಎಂದುಕೊಂಡೆ.

ನಾನು ಅವರಲ್ಲಿಗೆ ಮೊದಲು ಹೋದದ್ದು ತೊಂಬತ್ತರ ದಶಕದಲ್ಲಿ, ಎರಡನೆಯ ಬಸುರಿನ ಐದನೇ ತಿಂಗಳಲ್ಲಿ. ಮೊದಲನೆಯವನಿಗೆ ನಾಲ್ಕು ವರ್ಷ. ಕೊಟ್ಟಿಗೆಯಿಂದ ಮನೆಗೆ ಆರು ಮೆಟ್ಟಿಲು ಹತ್ತುವುದರೊಳಗೆ ಎರಡು ಸಲ ಕೂರುತ್ತಿದ್ದೆ. ಅಕ್ಕಿ ಆರಿಸುವಾಗ ಒಂದು ಮುಷ್ಟಿ ಹಸಿ ಅಕ್ಕಿ ಬಾಯಿಗೆ ಹೋಗದಿದ್ದರೆ ಸಮಾಧಾನವಿರಲಿಲ್ಲ. ಊರಿಗೆ ಬರುವ ನರ್ಸಮ್ಮ ಕಬ್ಬಿಣದ ಮಾತ್ರೆ ಕೊಟ್ಟು, "ಒಂದ್ ಸಲ ರಕ್ತ ನೋಡ್ಸವ್ವ" ಎಂದಿದ್ದರು.

ಸುಸ್ತಿಗಿಂತ ನನಗೆ ಹೆದರಿಕೆಯೇ ಹೆಚ್ಚಾಗಿತ್ತು. ಅದಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಇದೇ ಮನೆಯಿಂದ ನನ್ನ ವಾರಗಿತ್ತಿ, ನಮ್ಮ ಭಾವನ ಹೆಂಡತಿ, ಹೆರಿಗೆಗೆಂದು ಜೀಪು ಹತ್ತಿದವಳು ತಿರುಗಿ ಬಂದಿರಲಿಲ್ಲ. ಕೂಸು ಹುಟ್ಟಿತು, ರಕ್ತ ನಿಲ್ಲಲಿಲ್ಲ. ಮೂರನೇ ದಿನ ಕೂಸೂ ಹೋಯಿತು. ನಾವಿಬ್ಬರೂ ಒಂದೇ ವಯಸ್ಸಿನವರು, ಒಂದೇ ಒಲೆಯ ಮುಂದೆ ಕೂತು ರೊಟ್ಟಿ ತಟ್ಟಿದವರು. ಅವಳು ಹತ್ತುವಾಗ ಕೂರುತ್ತಿದ್ದ ಮೆಟ್ಟಿಲಿನಲ್ಲೇ ನಾನೂ ಕೂರುತ್ತಿದ್ದೇನೆ ಎಂದು ಒಂದು ದಿನ ಹೊಳೆಯಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೇನೋ ಎಂಬ ಭಯ.

"ಯಾರ ಮನೆಯವ್ರು?" ಎಂದು ಲ್ಯಾಬಕ್ಕ ಕೇಳಿದರು. ಹೇಳಿದೆ. ಸ್ಪಿರಿಟ್ ಹತ್ತಿ ಹಿಡಿದಿದ್ದ ಅವರ ಕೈ ಒಂದು ಗಳಿಗೆ ನಿಂತಿತು. ಮತ್ತೆ ಬೆರಳು ಒರೆಸಿ ಸೂಜಿ ಕುಟುಕಿಸಿದರು.

ಆಗ ಅಲ್ಲಿ ಮಿಷನ್ನು ಇರಲಿಲ್ಲ. ತೆಳ್ಳನೆಯ ಗಾಜಿನ ಕಡ್ಡಿಯಿಂದ ಬಾಯಲ್ಲಿ ರಕ್ತ ಎಳೆದು ಆಸಿಡ್ ಇದ್ದ ಪುಟ್ಟ ಕೊಳವೆಗೆ ಬಿಡುತ್ತಿದ್ದರು. ಹತ್ತು ನಿಮಿಷದಲ್ಲಿ ಕೆಂಪು ಹೋಗಿ ಕಂದು ಬಣ್ಣ ಬರುತ್ತದೆ. ಆ ಕೊಳವೆಯನ್ನು ಎರಡು ಕಂದು ಗಾಜುಗಳ ನಡುವೆ ನಿಲ್ಲಿಸಿ, ಕಿಟಕಿಯ ಬೆಳಕಿಗೆ ಹಿಡಿದು, ತೊಟ್ಟು ತೊಟ್ಟಾಗಿ ನೀರು ಬಿಡುತ್ತಾರೆ. ನೀರು ಬಿದ್ದಂತೆ ಬಣ್ಣ ತಿಳಿಯಾಗಿ, ಪಕ್ಕದ ಗಾಜಿನ ಬಣ್ಣಕ್ಕೆ ಸಮವಾದಾಗ ನಿಲ್ಲಿಸಿ, ನೀರು ಯಾವ ಗೆರೆಗೆ ಬಂತು ಎಂದು ನೋಡುತ್ತಾರೆ. ರಕ್ತ ಗಟ್ಟಿ ಇದ್ದಷ್ಟೂ ಹೆಚ್ಚು ನೀರು ಹಿಡಿಯುತ್ತದೆ, ಗೆರೆ ಮೇಲೇರುತ್ತದೆ. ಮೋಡ ಮುಚ್ಚಿದ್ದರೆ ಅವರು ಓದುತ್ತಲೇ ಇರಲಿಲ್ಲ. ಬೆಳಕು ಬರುವ ತನಕ ನಮ್ಮನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದರು. ಹೊರಗೆ ಲಾರಿ ಹೋದರೆ ಮೇಜು ಅದುರುತ್ತಿತ್ತು. ಆಗ ಕೊಳವೆಯನ್ನು ಕೈಯಲ್ಲಿ ಎತ್ತಿಕೊಂಡು, "ಹೋಗು ಮಾರಾಯ, ಮಂಗ್ಳೂರು ಮುಟ್ಟು ಬೇಗ" ಎಂದು ಕಾಯುತ್ತಿದ್ದರು.

ಅವತ್ತು ನನ್ನ ಕೊಳವೆಗೆ ಹೆಚ್ಚು ನೀರು ಹಿಡಿಯಲಿಲ್ಲ.

"ಹಿಮೋಗ್ಲೋಬಿನ್ ಏಳು ಪಾಯಿಂಟ್ ಎರಡು" ಎಂದರು. ತುಟಿ ಸೊಟ್ಟಗಾಯಿತು.

"ಎಷ್ಟಿರ್ಬೇಕು ಅಕ್ಕ?"

"ಹೆಂಗಸ್ರಿಗೆ ಹನ್ನೆರಡ್ರಿಂದ ಹದಿನೈದು. ಬಸುರಿಯಾದ್ರೆ ಹನ್ನೊಂದು. ಬಸುರೀಲಿ ರಕ್ತಕ್ಕೆ ನೀರು ಜಾಸ್ತಿ ಸೇರುತ್ತೆ, ಅದ್ಕೇ ಒಂದು ಕಮ್ಮಿ. ಅದಕ್ಕಿಂತ ಇಳಿಯೋ ಹಂಗಿಲ್ಲ."

"ಗಂಡಸ್ರಿಗೆ?"

"ಹದಿಮೂರರ ಮೇಲೆ. ಅವ್ರಿಗೇನು, ಗಡ್ಡ ಹೆರ್ಕೊಳ್ಳೋವಾಗ ಹೋಗೋದೇ ರಕ್ತ" ಎಂದು ನಗದೆಯೇ ಹೇಳಿದರು. ತೋಳಿನಿಂದಲೂ ರಕ್ತ ತೆಗೆದು ಬೇರೆ ಪರೀಕ್ಷೆಗಳನ್ನು ಮಾಡಿ, ಚೀಟಿ ಬರೆದು ಕೊಟ್ಟು, ಸಕಲೇಶಪುರದ ಡಾಕ್ಟ್ರಮ್ಮನಿಗೆ ತೋರಿಸಿ ಎಂದರು.

ಬಸ್ಸಿನಲ್ಲಿ ಕೂತು ಚೀಟಿ ಬಿಡಿಸಿದೆ. ನಾನು ಎಸ್ಸೆಸ್ಸೆಲ್ಸಿ ತನಕ ಓದಿದವಳು. ಅಂಕಿ ಓದಲು ಬರುತ್ತಿತ್ತು. ಅದೇ ನನಗೆ ಮುಳುವಾಯಿತು. ಚೀಟಿಯ ಒಂದು ಬದಿಗೆ ನನ್ನ ಅಂಕಿ, ಇನ್ನೊಂದು ಬದಿಗೆ ಅಚ್ಚಾದ ಅಂಕಿ. ಬಿಳಿ ರಕ್ತಕಣ ನಾಲ್ಕು ಸಾವಿರದಿಂದ ಹನ್ನೊಂದು ಸಾವಿರ ಎಂದು ಅಚ್ಚಾಗಿತ್ತು. ನನ್ನದು ಹನ್ನೆರಡು ಸಾವಿರದ ಎಂಟುನೂರು. ಇಎಸ್ಆರ್ ಎಂದು ಇನ್ನೊಂದಿತ್ತು. ಇಪ್ಪತ್ತರ ಒಳಗಿರಬೇಕು, ನನಗೆ ನಲವತ್ತೆಂಟು. ಇರಬೇಕಾದ್ದು ಇಲ್ಲ, ಇರಬಾರದ್ದು ಏರಿದೆ. ಬಿಳಿ ರಕ್ತ ಹೆಚ್ಚಾಗಿ ಕೆಂಪು ರಕ್ತವನ್ನು ತಿಂದುಹಾಕುವ ಕಾಯಿಲೆಯೊಂದಿದೆ ಎಂದು ಯಾರೋ ಹೇಳಿದ್ದು ನೆನಪಾಯಿತು. ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ. ಬಿಸಿಲಿನಲ್ಲಿ ಹೆದ್ದಾರಿಯ ಅಂಚು ಹಿಡಿದು, ಮೈಲಿಕಲ್ಲಿನ ಮೇಲೆ ಒಂದು ಸಲ, ಮೋರಿಯ ಕಟ್ಟೆಯ ಮೇಲೆ ಇನ್ನೊಂದು ಸಲ ಕೂತು, ಬಾಳ್ಳುಪೇಟೆಗೆ ತಿರುಗಿ ನಡೆದೆ.

ನನ್ನನ್ನು ನೋಡಿ ಲ್ಯಾಬಕ್ಕ ಎದ್ದು ನಿಂತರು. "ಏಳು ರಕ್ತದಲ್ಲಿ ನಡ್ಕೊಂಡ್ ಬಂದ್ರಾ? ಬುದ್ಧಿ ಐತೇನ್ರೀ ನಿಮ್ಗೆ?"

ಚೀಟಿ ತೋರಿಸಿ ಅತ್ತುಬಿಟ್ಟೆ.

ನೀರು ಕುಡಿಸಿದರು. ಚೀಟಿಯನ್ನು ಮೇಜಿನ ಮೇಲೆ ಹರಡಿ, ಅಚ್ಚಾದ ಅಂಕಿಗಳ ಮೇಲೆ ಪೆನ್ನಿನಿಂದ ಗೀಟು ಎಳೆದರು. "ಇದು ಬಸುರಿ ಅಲ್ದಿರೋ ಹೆಂಗಸಿನ ಲೆಕ್ಕ. ನೀವು ಬಸುರಿ. ಬಸುರೀಲಿ ಬಿಳಿ ಕಣ ಏರುತ್ತೆ, ಹದಿನೈದು ಸಾವ್ರ ಆದ್ರೂ ಹೆದ್ರಬ್ಯಾಡಿ. ಈ ಇಎಸ್ಆರೂ ಏರೋದೇ. ಅವೆರಡೂ ನಿಮ್ ಶತ್ರು ಅಲ್ಲ. ಶತ್ರು ಇಲ್ಲಿ ಅವ್ನೆ" ಎಂದು ಏಳು ಪಾಯಿಂಟ್ ಎರಡರ ಸುತ್ತ ಒಂದು ಸೊನ್ನೆ ಸುತ್ತಿದರು. "ಹೆದ್ರೋದಾದ್ರೆ ಹೆದ್ರಬೇಕಾದ್ದಕ್ಕೆ ಹೆದ್ರಿ."

ಈ ಕೊನೆಯ ಮಾತನ್ನು ಅವರು ಎಲ್ಲರಿಗೂ ಹೇಳುತ್ತಿದ್ದರಂತೆ. ನಾನು ಅಂದಿನಿಂದ ಅದನ್ನೇ ಮಾಡಿದೆ, ಬೇಕಾದ್ದಕ್ಕೆ ಹೆದರಿದೆ. ಎಷ್ಟು ಹೆದರಿದೆನೆಂದರೆ, ಡಾಕ್ಟ್ರಮ್ಮ ದಿನಕ್ಕೆ ಎರಡು ಎಂದು ಕೊಟ್ಟ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಸೋಮವಾರದ ಒಪ್ಪತ್ತಿನ ಜೊತೆಗೆ ಶನಿವಾರದ ಒಪ್ಪತ್ತನ್ನೂ ಹಿಡಿದೆ. ಮಗನ ತಲೆಗೆ ಎಣ್ಣೆ ಒತ್ತುವಾಗ, ಇವನಿಗೆ ಮುಂದೆ ಯಾರು ಒತ್ತುತ್ತಾರೋ ಎಂದು ಕೈ ನಿಲ್ಲುತ್ತಿತ್ತು. ಅತ್ತೆ ಮಾತ್ರ, "ನಂಗೂ ಏಳೋ ಎಂಟೋ ಇದ್ದಿದ್ದು ಕಣೆ, ಆರು ಹೆರ್ಲಿಲ್ವಾ?" ಎನ್ನುತ್ತಿದ್ದರು. ಅವರ ರಕ್ತವನ್ನು ಯಾರೂ ಯಾವತ್ತೂ ನೋಡಿರಲಿಲ್ಲ.

ತಿಂಗಳು ಕಳೆದು ಹೋದಾಗ ಏಳು ಪಾಯಿಂಟ್ ನಾಲ್ಕು.

"ಮಾತ್ರೆ ತಗೋತೀರೋ, ಕಾಫಿ ಗಿಡದ ಬುಡಕ್ಕೆ ಹಾಕ್ತೀರೋ? ಈ ಕಡೆ ಗಿಡಗಳಿಗೆಲ್ಲಾ ರಕ್ತ ಚೆನ್ನಾಗೈತೆ, ಹೆಂಗಸ್ರಿಗೇ ಇಲ್ಲ" ಎಂದರು ಲ್ಯಾಬಕ್ಕ. ಹಾಗೆ ಎಸೆಯುವವರು ನಿಜಕ್ಕೂ ಇದ್ದರು. ಮಾತ್ರೆಯಿಂದ ವಾಕರಿಕೆ ಬರುತ್ತಿತ್ತು.

ದೇವರಾಣೆ ತಗೋತೀನಿ ಎಂದೆ. "ಕಪ್ಪಗೆ ಹೊರ್ಗೆ ಹೋಗುತ್ತಾ?" ಎಂದರು. ನಾಚಿಕೆಯಿಂದ ಹೂಂ ಎಂದೆ. "ಹಂಗಾದ್ರೆ ಹೊಟ್ಟೆಗೆ ಹೋಗ್ತೈತೆ, ನಿಮ್ ಮಾತು ನಿಜ" ಎಂದು ಯೋಚನೆಗೆ ಬಿದ್ದರು.

ನನಗೆ ರೇಗಿತ್ತು. ಹೆದರಿದವರಿಗೆ ಬೇಗ ರೇಗುತ್ತದೆ. "ಈ ಕಡೆ ಎಲ್ರಿಗೂ ಏಳೋ ಎಂಟೋ ಅಂತೆ. ಎಲ್ರಿಗೂ ಹಂಗಿದ್ಮೇಲೆ ಅದೇ ಸರಿ ಇರ್ಬೋದಲ್ಲ? ಯಾಕೆ ನನ್ನೊಬ್ಳನ್ನೇ ಹೆದ್ರಿಸ್ತೀರ?" ಎಂದುಬಿಟ್ಟೆ.

ಅವರು ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಎದುರಿನ ಸ್ಟೂಲಿನ ಮೇಲೆ ಕೂತರು. ಅವರು ಕೂತದ್ದನ್ನು ಅವತ್ತೇ ಮೊದಲು ನೋಡಿದೆ.

"ನಿಮ್ ವಾರಗಿತ್ತಿ ರಕ್ತ ನೋಡ್ದೋಳೂ ನಾನೇ" ಎಂದರು.

ನಾನು ಬೆಂಚಿನ ಅಂಚನ್ನು ಹಿಡಿದುಕೊಂಡೆ.

"ಏಳು ಪಾಯಿಂಟ್ ಎಂಟಿತ್ತು. ದಿನಾ ಎಂಟು, ಏಳು, ಎಂಟು ಅಂತಾನೇ ಬರ್ದೂ ಬರ್ದೂ ನಂಗೂ ಅದೇ ಸರಿ ಅನ್ನಿಸ್ಬುಟ್ಟಿತ್ತು. ಅಕ್ಕ ಪರ್ವಾಗಿಲ್ವಾ ಅಂತ ಕೇಳಿದ್ರು ಅವ್ರು. ಈ ಕಡೆ ಎಲ್ರಿಗೂ ಹಿಂಗೇ ಕಣಮ್ಮ, ಪರ್ವಾಗಿಲ್ಲ ಅಂದೆ. ಅವ್ರು ನಕ್ಕೊಂಡು ಹೋದ್ರು. ಡಾಕ್ಟ್ರ ಹತ್ರ ಹೋಗ್ಲೇ ಇಲ್ಲ." ಅವರು ಕಿಟಕಿಯ ಕಡೆ ನೋಡುತ್ತಾ ಹೇಳುತ್ತಿದ್ದರು. "ಎಲ್ರಿಗೂ ಇರೋದು ಬೇರೆ, ಇರಬೇಕಾದ್ದು ಬೇರೆ. ಅವತ್ತಿಂದ ನಾನು ಯಾರ್ಗೂ ಪರ್ವಾಗಿಲ್ಲ ಅಂದಿಲ್ಲ."

ಅವರನ್ನು ಬೈಯಬೇಕೆನ್ನಿಸಲಿಲ್ಲ. ವಾರಗಿತ್ತಿ ನಗುತ್ತಾ ಮನೆಗೆ ಬಂದು, "ಲ್ಯಾಬಕ್ಕ ಪರ್ವಾಗಿಲ್ಲ ಅಂದ್ರು" ಎಂದದ್ದು ನನ್ನ ಕಿವಿಯಲ್ಲಿತ್ತು. ಆ ಮಾತಿನಿಂದ ಅವಳು ಮೂರು ತಿಂಗಳು ಹೆದರದೆ ಇದ್ದಳು. ನಾನು ಈ ಮೂರು ತಿಂಗಳನ್ನು ಹೆದರಿಕೊಂಡೇ ಕಳೆಯಬೇಕು, ಅದೇ ದೇವರು ನನಗೆ ಮಾಡಿದ ಉಪಕಾರ ಎಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ.

ಏಳನೇ ತಿಂಗಳಿಗೆ ಹೋದಾಗ ಮತ್ತೆ ಏಳು ಪಾಯಿಂಟ್ ಎರಡು. ಡಾಕ್ಟ್ರಮ್ಮ ಮೊದಲೇ ಹೇಳಿದ್ದರು, ಈ ಸಲವೂ ಏರದಿದ್ದರೆ ಬೇರೆ ಏನೋ ಇದೆ, ಮಂಗಳೂರಿಗೆ ಹೋಗಿ ಮೂಳೆಯೊಳಗಿನ ಮಜ್ಜೆ ತೆಗೆಸಿ ನೋಡಬೇಕು ಎಂದು. ಆ ಮಾತು ಕೇಳಿದಾಗಿನಿಂದ ನನಗೆ ಅನ್ನ ಇಳಿಯುತ್ತಿರಲಿಲ್ಲ. ಲ್ಯಾಬಕ್ಕ ಎರಡನೇ ಸಲ ಬೆರಳು ಚುಚ್ಚಿದರು. ಹೊಸ ಕೊಳವೆ, ಹೊಸ ನೀರು. ಇನ್ನೊಂದು ತೊಟ್ಟು ಹಿಡಿಯಲಿ ದೇವರೇ, ಇನ್ನೊಂದೇ ಒಂದು ತೊಟ್ಟು ಎಂದು ಬೇಡಿಕೊಳ್ಳುತ್ತಿದ್ದೆ. ಹಿಡಿಯಲಿಲ್ಲ. ಅದೇ ಗೆರೆ.

ಅವತ್ತು ಅತ್ತೆಯೂ ಜೊತೆಗೆ ಬಂದಿದ್ದರು. ರಕ್ತ ಕೊಟ್ಟ ಮೇಲೆ ಸುಸ್ತಾಗದಿರಲಿ ಎಂದು ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ ತಂದಿದ್ದರು, ಪಾಪ. ಮಾತ್ರೆಯ ಹೊತ್ತಾಗಿತ್ತು. ಮನೆಯಲ್ಲಿ ದಿನಾ ಮಾಡುವ ಹಾಗೆ ಅತ್ತೆ ಮುಚ್ಚಳಕ್ಕೆ ಕಾಫಿ ಬಗ್ಗಿಸಿದರು, ನಾನು ಪರ್ಸಿನಿಂದ ಮಾತ್ರೆ ತೆಗೆದು ಬಾಯಿಗೆ ಹಾಕಿ ಕಾಫಿ ಕುಡಿಯಹೋದೆ.

"ಅಯ್ಯೋ ಮಾರಾಯ್ತಿ!" ಲ್ಯಾಬಕ್ಕ ಕೂಗಿದ ರಭಸಕ್ಕೆ ಔಷಧಿ ಅಂಗಡಿಯವರು ಒಳಗೆ ಇಣುಕಿದರು. ಮುಚ್ಚಳ ಆಗಲೇ ಲ್ಯಾಬಕ್ಕನ ಕೈಗೆ ಹೋಗಿತ್ತು. "ದಿನಾ ಹಿಂಗೇನಾ? ಎರಡು ಮಾತ್ರೇನೂ?"

"ಹೂಂ. ನೀರಲ್ಲಿ ನುಂಗಿದ್ರೆ ವಾಕ್ರಿಕೆ ಬರುತ್ತೆ, ಕಾಫೀಲಾದ್ರೆ ಕಹಿ ಗೊತ್ತಾಗಲ್ಲ."

"ಊಟ ಆದ್ಮೇಲೆ?"

"ಆಗ್ಲೂ ಒಂದ್ ಲೋಟ" ಎಂದರು ಅತ್ತೆ. "ಕಾಫಿ ಬೆಳೆಯೋರ ಮನೇಲಿ ಕಾಫಿ ಬ್ಯಾಡ ಅಂತೀಯೇನವ್ವ ನೀನು?"

"ಬೆಳೀರಿ, ಮಾರಿ, ನಮ್ಮಪ್ಪ ಅದ್ರಲ್ಲೇ ನನ್ನ ಓದ್ಸಿದ್ದು. ಮಾತ್ರೆ ಜೊತೆ ಬ್ಯಾಡ. ಕಾಫಿ ಆ ಕಬ್ಬಿಣಾನ ಹೊಟ್ಟೇಲೇ ಹಿಡ್ಕೊಂಡ್ಬುಡುತ್ತೆ ಕಣವ್ವ, ರಕ್ತಕ್ಕೆ ಬಿಡಲ್ಲ. ಇವ್ರು ನುಂಗಿದ್ದೆಲ್ಲಾ ಹಂಗೇ ಹೊರ್ಗೆ ಹೋಗೈತೆ. ನಿಂಬೆಹಣ್ಣಿನ ನೀರಲ್ಲಿ ನುಂಗ್ಲಿ. ಹಿಂದೆ ಮುಂದೆ ಎರಡೆರಡು ಗಂಟೆ ಕಾಫಿ ಮುಟ್ಟೋ ಹಂಗಿಲ್ಲ."

ಅತ್ತೆ ಜಗಳಕ್ಕೆ ಬಾಯಿ ತೆರೆದವರು ಹಾಗೇ ನಿಂತರು. ಅವರ ಮುಖ ಇಳಿಯುತ್ತಾ ಹೋದುದನ್ನು ಕಂಡೆ. "ದೊಡ್ಡೋಳ್ಗೂ..." ಎಂದರು. "ದೊಡ್ಡ್ ಸೊಸೇಗೂ ನರ್ಸಮ್ಮನ ಮಾತ್ರೆ ನಾನೇ ಕಾಫೀಲಿ ಕೊಡ್ತಿದ್ದೆ. ವಾಂತಿ ಆಗ್ಬಾರ್ದು ಅಂತ. ನನ್ ಕೈಯಾರೆ ಮಾಡಿ ಕೊಡ್ತಿದ್ದೆ."

ಲ್ಯಾಬಕ್ಕ ಮುಚ್ಚಳವನ್ನು ಮೇಜಿನ ಮೇಲಿಟ್ಟು ಅತ್ತೆಯ ಕೈ ಹಿಡಿದುಕೊಂಡರು. ಆ ಇಬ್ಬರೂ ವಾರಗಿತ್ತಿಯನ್ನು ಹೊತ್ತುಕೊಂಡು ನಿಂತಿದ್ದಾರೆ ಎಂದು ನನಗನ್ನಿಸಿತು. ಕಾಫಿ ಒಂದರಿಂದಲೇ ಅವಳು ಹೋದಳೆಂದು ಹೇಳಲಾಗದು. ಲ್ಯಾಬಕ್ಕನೂ ಹಾಗೆ ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

ಹೊರಡುವಾಗ ಒಪ್ಪತ್ತಿನ ವಿಷಯವೂ ಅವರಿಗೆ ತಿಳಿಯಿತು. "ನಮ್ ರಂಜಾನ್ ಉಪವಾಸಕ್ಕೇ ಬಸುರಿಗೆ ರಿಯಾಯ್ತಿ ಐತೆ ಕಣ್ರೀ. ನಿಮ್ ದೇವ್ರು ನಮ್ಮೋನಿಗಿಂತ ಬಿಗಿಯೇನು?" ಎಂದರು. ಅತ್ತೆ ಕಣ್ಣೊರೆಸಿಕೊಳ್ಳುತ್ತಲೇ, "ನಮ್ಮೋನು ಇನ್ನೂ ಸಡಿಲ, ಇವ್ಳೇ ಬಿಗಿ" ಎಂದರು. ಆ ಸೋಮವಾರ ದೇವರ ಮುಂದೆ ತಪ್ಪಾಯಿತೆಂದು ಕೈಮುಗಿದು ಎರಡು ಹೊತ್ತೂ ಉಂಡೆ. ಆಕಾಶ ಬೀಳಲಿಲ್ಲ.

ಅಂದಿನಿಂದ ಮಾತ್ರೆಯ ಕಾವಲು ಅತ್ತೆಯದು. ಕಾಫಿಪುಡಿಯ ಡಬ್ಬಿ ಅಟ್ಟಕ್ಕೆ ಹೋಯಿತು. ನಾನು ನಿಂಬೆ ನೀರಲ್ಲಿ ಮಾತ್ರೆ ನುಂಗುವ ತನಕ ಎದುರಿಗೆ ನಿಂತು, "ಬಾಯ್ ತೆಗಿ" ಎಂದು ಮಗುವಿಗೆ ಹೇಳುವ ಹಾಗೆ ಹೇಳಿ ನೋಡುತ್ತಿದ್ದರು. ನುಗ್ಗೆಸೊಪ್ಪು, ಹುರುಳಿ, ನೆಲ್ಲಿಕಾಯಿ ಬಿಟ್ಟು ಬೇರೆ ಮಾತಿಲ್ಲ. ಎಂಟನೇ ತಿಂಗಳು ಲ್ಯಾಬಕ್ಕನ ಕೊಳವೆಗೆ ನೀರು ಬೀಳುತ್ತಲೇ ಇತ್ತು. ಎಂಟು ದಾಟಿ ಎಂಟು ಪಾಯಿಂಟ್ ಆರಕ್ಕೆ ನಿಂತಿತು. ಒಂಬತ್ತು ತುಂಬಿದಾಗ ಒಂಬತ್ತು ಪಾಯಿಂಟ್ ಎಂಟು. ನಾನು ಗೆಲುವಾಗಿ ಲ್ಯಾಬಕ್ಕನ ಮುಖ ನೋಡಿದೆ. "ಹನ್ನೊಂದಾಗಿಲ್ಲ" ಎಂದರು, ಅಷ್ಟೇ. ಅವರ ಬಾಯಿಂದ ಪರವಾಗಿಲ್ಲ ಎಂಬ ಒಂದು ಮಾತಿಗೆ ಆಸೆಪಟ್ಟಿದ್ದೆ. ಬರಲಿಲ್ಲ. ನನ್ನ ಹೆದರಿಕೆಯೂ ಹೋಗಲಿಲ್ಲ.

ಹೆರಿಗೆ ಸಕಲೇಶಪುರದಲ್ಲಿ, ಬೆಳಗ್ಗೆ ಹತ್ತರ ಸುಮಾರಿಗೆ ಆಯಿತು. ಹೆಣ್ಣು. ಅಳು ಕೇಳಿದೆ. ಆಮೇಲೆ ಕೆಳಗೆ ಬೆಚ್ಚಗೆ ಹರಿಯತೊಡಗಿತು. ಮೊದಲು ನನಗೆ ತಿಳಿಯಲಿಲ್ಲ. ನರ್ಸುಗಳ ದನಿ ಬದಲಾದಾಗ ತಿಳಿಯಿತು. ಡಾಕ್ಟ್ರಮ್ಮ ಮುಷ್ಟಿಯಿಂದ ಹೊಟ್ಟೆಯನ್ನು ಅಮುಕಿ ಹಿಡಿದು, "ಇನ್ನೊಂದು ಇಂಜೆಕ್ಷನ್ ತನ್ನಿ, ಓಡಿ" ಎಂದರು. ಬಟ್ಟೆಯ ಮೇಲೆ ಬಟ್ಟೆ. ಕಿವಿಯಲ್ಲಿ ಗುಂಯ್ ಎಂದಿತು. ವಾರಗಿತ್ತಿಗೂ ಹೀಗೇ ಆಗಿದ್ದಿರಬೇಕು, ಹೀಗೇ ಬೆಚ್ಚಗೆ, ಹೀಗೇ ನೋವಿಲ್ಲದೆ ಎಂದುಕೊಂಡೆ. ದೇವರ ಹೆಸರು ಹೇಳಲು ನೋಡಿದೆ, ಬಾಯಿಗೆ ಬರಲಿಲ್ಲ. ಒಂಬತ್ತು ಪಾಯಿಂಟ್ ಎಂಟು, ಒಂಬತ್ತು ಪಾಯಿಂಟ್ ಎಂಟು ಎಂದೇ ಬಂತು. ಅದಕ್ಕೆ ಆಮೇಲೆ ಕ್ಷಮೆ ಕೇಳಿಕೊಂಡೆ. ಆ ಹೊತ್ತಿಗೆ ನನ್ನಲ್ಲಿ ಇದ್ದದ್ದು ಅದೊಂದೇ.

ಅರ್ಧ ಗಂಟೆಗೆ ರಕ್ತ ನಿಂತಿತು. ಡಾಕ್ಟ್ರಮ್ಮ ಗೋಡೆಗೆ ಒರಗಿ, "ಏಳು ರಕ್ತದಲ್ಲಿ ಬಂದಿದ್ರೆ ನಾನೇನೂ ಮಾಡೋಕಾಗ್ತಿರ್ಲಿಲ್ಲ ಕಣಮ್ಮ" ಎಂದರು.

ಮರುದಿನ ಲ್ಯಾಬಕ್ಕ ಬಂದರು. ಯಾರು ಹೇಳಿ ಕಳಿಸಿದರೋ ಗೊತ್ತಿಲ್ಲ. ಬಸ್ಸಿನಲ್ಲಿ ಕೊಳವೆಯ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು. ಕೂಸಿನ ಕಡೆ ನೋಡುವ ಮೊದಲು ನನ್ನ ಕೆಳರೆಪ್ಪೆ ಎಳೆದು ನೋಡಿದರು. ಬೆರಳು ಚುಚ್ಚಿದರು. ವಾರ್ಡಿನ ಕಿಟಕಿಯ ಹತ್ತಿರ ಹೋಗಿ ನನಗೆ ಬೆನ್ನು ಮಾಡಿ ನಿಂತು ನೀರು ಬಿಟ್ಟರು. ಬಹಳ ಹೊತ್ತು ತಿರುಗಲಿಲ್ಲ.

"ಎಷ್ಟು ಅಕ್ಕ?"

"ಏಳು ಪಾಯಿಂಟ್ ಒಂದು."

ನಾಲ್ಕು ತಿಂಗಳು ಹೆದರಿ ಹೆದರಿ ಕೂಡಿಸಿದ್ದು ಒಂದು ಬೆಳಗಿನಲ್ಲಿ ಹೋಗಿತ್ತು. "ಮತ್ತೆ ಏಳಕ್ಕೇ ಬಂತಲ್ಲ" ಎಂದೆ. ಅಳು ಬಂತು.

ಅವರು ತಿರುಗಿದರು. ಕೊಳವೆ ಹಿಡಿದ ಕೈ ಸಣ್ಣಗೆ ನಡುಗುತ್ತಿತ್ತು. ಲಾರಿ ಹೋದಾಗಲೂ ನಡುಗದಿದ್ದ ಕೈ ಅದು. ನನಗಿಂತ ಹೆಚ್ಚಾಗಿ ಈ ನಾಲ್ಕು ತಿಂಗಳು ಅವರು ಹೆದರಿದ್ದರು ಎಂದು ಆಗ ತಿಳಿಯಿತು.

"ಹೋಗಿರೋದು ಎರಡೂ ಮುಕ್ಕಾಲು ಕಣ್ರೀ. ಏಳರಲ್ಲಿ ಎರಡೂ ಮುಕ್ಕಾಲು ಕಳೆದ್ರೆ..." ಎಂದವರು ಲೆಕ್ಕ ಮುಗಿಸಲಿಲ್ಲ. ಕೂಸನ್ನು ಎತ್ತಿ ನನ್ನ ಪಕ್ಕಕ್ಕೆ ಮಲಗಿಸಿದರು. "ಏಳಕ್ಕೆ ಬಂದ್ರೆ ಬರ್ಲಿ ಬುಡಿ. ಇವತ್ತು ಏಳು. ಬರೋ ತಿಂಗ್ಳು ಬನ್ನಿ, ಮತ್ತೆ ನೋಡಾಣ."

ಬರುವ ತಿಂಗಳು. ಆ ಎರಡು ಮಾತು ಕೇಳಿ ಅತ್ತೆ ಗೋಡೆಯ ಕಡೆ ಮುಖ ಮಾಡಿಕೊಂಡರು. ಲ್ಯಾಬಕ್ಕ ಹೊರಗಿನ ನಲ್ಲಿಯಲ್ಲಿ ಕೊಳವೆ ತೊಳೆದು, ಒರೆಸಿ, ಪೆಟ್ಟಿಗೆಗೆ ಹಾಕಿಕೊಂಡು, ಬೆಂಚಿನ ಮೇಲೆ ಯಾರೋ ಕಾಯುತ್ತಿರುತ್ತಾರೆ ಎಂದು ಬಸ್ಸಿಗೆ ಓಡಿದರು.